ಜಪ್ತಿಯಾದ ಹಂಡೆ ಯಾರದು

ವಂಶಾವಳಿ ಪರಿಶೀಲಿಸುವ ಕೆಲಸ ಹಿಡಿದವರಿಗೆ ಸ್ನೇಹಿತರು ಕಡಿಮೆಯಾಗುತ್ತಾ ಹೋಗುತ್ತಾರೆ. ಹೋದ ವರ್ಷ ಸಿಡ್ನಿಯ ಬ್ಲ್ಯಾಕ್‌ಟೌನಿನ ಒಂದು ಗೃಹಪ್ರವೇಶದಲ್ಲಿ ನನ್ನನ್ನು ಕಂಡ ಪರಿಚಿತರೊಬ್ಬರು ಊಟದ ತಟ್ಟೆ ಹಿಡಿದುಕೊಂಡೇ ಬೇರೆ ಕೋಣೆಗೆ ನಡೆದರು. ಅವರ ಅಜ್ಜನ ಹೆಸರು ಯಾವ ಜೈಲಿನ ದಾಖಲೆಯಲ್ಲೂ ಸಿಗಲಿಲ್ಲವೆಂದು ನಾನು ಆ ವಾರವಷ್ಟೇ ಅವರಿಗೆ ತಿಳಿಸಿದ್ದೆ. ಸಿಗದಿದ್ದರೆ ನಾನೇನು ಮಾಡಲಿ? ಈಗ ಹೋಗಿ ಅವರನ್ನು ಜೈಲಿಗೆ ಹಾಕಿಸಲು ಆಗುತ್ತದೆಯೇ?

ನಮ್ಮದು ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡವರ ವಂಶಸ್ಥರ ಸಂಘ. ಕೇಂದ್ರ ಸಮಿತಿ ಬೆಂಗಳೂರಿನಲ್ಲಿದೆ. ಸಿಡ್ನಿ, ಮೆಲ್ಬರ್ನ್ ಎರಡೂ ಸೇರಿ ಇಲ್ಲೊಂದು ಶಾಖೆ. ಶಾಖೆಗೆ ಬರುವ ಅರ್ಜಿಗಳನ್ನು ಪರಿಶೀಲಿಸುವವಳು ನಾನು. ಹೊಟ್ಟೆಪಾಡಿಗೆ ಪಶ್ಚಿಮ ಸಿಡ್ನಿಯ ಒಂದು ಗ್ರಂಥಾಲಯದಲ್ಲಿ ಕುಟುಂಬ ಚರಿತ್ರೆಯ ವಿಭಾಗ ನೋಡಿಕೊಳ್ಳುತ್ತೇನೆ. ಹಗಲಿಡೀ ಇಲ್ಲಿಯವರಿಗೆ ಗಡೀಪಾರಿನ ಕೈದಿಗಳಾಗಿ ಬೇಡಿ ಹಾಕಿಸಿಕೊಂಡು ಹಡಗಿನಲ್ಲಿ ಬಂದ ಅವರ ಮುತ್ತಜ್ಜಂದಿರನ್ನು ಹುಡುಕಿಕೊಡುತ್ತೇನೆ, ಸಂಜೆ ನಮ್ಮವರಿಗೆ ಜೈಲಿಗೆ ಹೋದ ಅಜ್ಜಂದಿರನ್ನು. ಕುರಿ ಕದ್ದವನಾದರೂ ಸರಿ, ಉಪ್ಪು ಮಾಡಿದವನಾದರೂ ಸರಿ, ಮನೆತನದಲ್ಲಿ ಒಬ್ಬ ಕೈದಿ ಸಿಕ್ಕರೆ ಎರಡೂ ಕಡೆಯವರ ಮುಖ ಒಂದೇ ರೀತಿ ಅರಳುತ್ತದೆ.

ಸಂಘದ ನಿಯಮಗಳು ಬಿಗಿ. ಹಿರಿಯರು ಹೋರಾಟದಲ್ಲಿ ಜೈಲಿಗೆ ಹೋಗಿರಬೇಕು, ಇಲ್ಲವೇ ಪೊಲೀಸರ ಏಟು ತಿಂದಿರಬೇಕು, ಕೆಲಸ ಕಳೆದುಕೊಂಡಿರಬೇಕು, ಅಥವಾ ಅವರ ಆಸ್ತಿ ಜಪ್ತಿಯಾಗಿರಬೇಕು. ಅರ್ಜಿ ಹಾಕುವವರು ಅವರ ನೇರ ಸಂತತಿಯಾಗಿರಬೇಕು: ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಅಣ್ಣತಮ್ಮಂದಿರ ಮಕ್ಕಳು, ಅಕ್ಕತಂಗಿಯರ ಮಕ್ಕಳು ಲೆಕ್ಕಕ್ಕಿಲ್ಲ. ಹಿಂದೊಮ್ಮೆ ಒಬ್ಬರೇ ಹೋರಾಟಗಾರರ ಹೆಸರಿನಲ್ಲಿ ಅರ್ಧ ತಾಲೂಕೇ ಅರ್ಜಿ ಹಾಕಿತ್ತಂತೆ. ಅಂದಿನಿಂದ ಕೇಂದ್ರ ಸಮಿತಿ ಬಾಗಿಲು ಬಿಗಿ ಮಾಡಿದೆ. ಇದರ ಮೇಲೆ ಪ್ರತಿ ತಲೆಮಾರಿಗೂ ಒಂದು ಕೊಂಡಿ ಬೇಕು, ಅಂದರೆ ಇಂಥವರು ಇಂಥವರ ಮಗು ಎಂದು ತೋರಿಸುವ ಒಂದು ಕಾಗದ. ನಮ್ಮ ಜನರ ಹೆಸರುಗಳೋ ಒಂದು ಕಡೆ ನಿಲ್ಲುವವಲ್ಲ. ಒಬ್ಬನೇ ಮನುಷ್ಯ ಶಾಲೆಯಲ್ಲಿ ಊರಿನ ಹೆಸರು, ರೇಷನ್ ಕಾರ್ಡಿನಲ್ಲಿ ಮನೆತನದ ಹೆಸರು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಹೊತ್ತಿರುತ್ತಾನೆ. ಮೂವರೂ ಒಬ್ಬನೇ ಎಂದು ಸಾಧಿಸುವುದರಲ್ಲೇ ನನ್ನ ತಲೆ ನೆರೆಯಿತು.

ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಧ್ವಜವಂದನೆಯಾದ ಮೇಲೆ ಹೊಸ ಸದಸ್ಯರು ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಹಿರಿಯರ ಹೆಸರನ್ನೂ ಅವರು ಮಾಡಿದ್ದನ್ನೂ ಹೇಳಿ, ಸದಸ್ಯತ್ವದ ದೊಡ್ಡ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಇದು ಯಾವಾಗಲೂ ಸಿಡ್ನಿಯಲ್ಲೇ ಆಗುತ್ತದೆಂದು ಮೆಲ್ಬರ್ನಿನವರು ಮುನಿಸಿಕೊಂಡಿದ್ದರಿಂದ ಈ ಸಲ ಅಲ್ಲಿ ಇಟ್ಟುಕೊಂಡಿದ್ದೆವು.

ಆ ಮೆಲ್ಬರ್ನಿನಿಂದಲೇ ಒಂದು ಅರ್ಜಿ ಬಂತು. ಅರ್ಜಿದಾರರು ತೊಂಬತ್ತರ ಹತ್ತಿರದ ಹೆಂಗಸು. ಉಡುಪಿ ಕಡೆಯ ತುಳು ಮನೆಮಾತಿನವರು, ಡಾಕ್‌ಲ್ಯಾಂಡ್ಸಿನ ಎತ್ತರದ ಕಟ್ಟಡವೊಂದರಲ್ಲಿ ಮಗಳೊಂದಿಗೆ ಇದ್ದಾರೆ. ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ನಾನು ಎಲ್ಲರಂತೆ ಅವರನ್ನೂ ಆಂಟಿ ಎಂದೇ ಕರೆದೆ. ಅರ್ಜಿಯಲ್ಲಿ ಹೋರಾಟಗಾರರ ಹೆಸರು, ಅವರು ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದದ್ದು, ಎಲ್ಲ ಸ್ಪಷ್ಟವಾಗಿತ್ತು. ಸಂಬಂಧ ಎಂಬಲ್ಲಿ ಮಾತ್ರ ‘ನಮ್ಮ ಮನೆಯ ಯಜಮಾನರು’ ಎಂದು ಬರೆದಿದ್ದರು. ಅಪ್ಪನ ಅಪ್ಪ ಇರಬೇಕೆಂದುಕೊಂಡು ನಾನು ಪೆನ್ಸಿಲಿನಲ್ಲಿ ಹಾಗೇ ಗುರುತು ಹಾಕಿ ಫೋನ್ ಮಾಡಿದೆ.

ಅವರ ದನಿ ವಯಸ್ಸಿಗಿಂತ ಗಟ್ಟಿಯಾಗಿತ್ತು. ಬೇಕಾದ ಕಾಗದಗಳ ಬಗ್ಗೆ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಅಂದರು: “ನನಗೆ ದೊಡ್ಡ ಆಸೆ ಎಂತದೂ ಇಲ್ಲ. ಒಂದು ಸಲ ಎಲ್ಲರ ಎದುರು ನಿಂತು ಅವರ ಹೆಸರು ಹೇಳ್ಬೇಕು. ನನ್ನನ್ನು ಎತ್ತಿ ಆಡಿಸಿದ ಜನ ಅವರು. ಮುಂದಿನ ವರ್ಷ ಅಂತ ಮಾತ್ರ ಹೇಳ್ಬೇಡಿ, ಆಯ್ತಾ? ಮುಂದಿನ ವರ್ಷದ್ದು ನನ್ನ ಕೈಲಿ ಇಲ್ಲ.”

ಆಗುತ್ತದೆ ಎಂದೆ. ಹಾಗೆ ಸುಲಭವಾಗಿ ಮಾತು ಕೊಡುವುದು ನನ್ನ ಪದ್ಧತಿಯಲ್ಲ, ಆದರೆ ಆ ದನಿಗೆ ಬೇರೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಕಾಗದ ತರಿಸುವ ಕೆಲಸ. ಆಂಟಿಯ ತಂದೆಯ ಜನನದ ದಾಖಲೆ, ತಂದೆಯ ಶಾಲೆಯ ಸರ್ಟಿಫಿಕೇಟು, ತಂದೆಗೂ ಆ ಯಜಮಾನರಿಗೂ ಇರುವ ಸಂಬಂಧ ತೋರಿಸುವ ಏನಾದರೊಂದು. ಮಗಳು ಪಾಪ, ಬ್ಯಾಂಕಿನ ಮೀಟಿಂಗುಗಳ ನಡುವೆ ಉಡುಪಿಗೆ ಫೋನ್ ಮಾಡಿ, ಯಾರದೋ ಕೈಕಾಲು ಹಿಡಿದು ಒಂದೊಂದಾಗಿ ತರಿಸಿ ಸ್ಕ್ಯಾನ್ ಮಾಡಿ ಕಳಿಸಿದಳು. ತಂದೆಯ ಹೆಸರು ಸಿಕ್ಕಿತು, ತಂದೆಯ ತಂದೆಯ ಹೆಸರೂ ಸಿಕ್ಕಿತು. ಅದು ನಮ್ಮ ಹೋರಾಟಗಾರರ ಹೆಸರಲ್ಲ. ಊರೂ ಅದಲ್ಲ. ಎರಡು ಮದುವೆಯೋ, ದತ್ತುವೋ ಎಂದು ನಾನು ಮತ್ತೆ ಕಾಗದ ಕೇಳಿದೆ. ಮತ್ತೆ ಬಂದವು. ಮತ್ತೆ ಹೊಂದಲಿಲ್ಲ. ಮೊದಲ ಕಟ್ಟಿನಲ್ಲೇ ಹಳೆಯ ಆಸ್ತಿಯ ಒಂದು ಪಾಲುಪಟ್ಟಿ ಇತ್ತು. ಜಮೀನಿನ ತಕರಾರು ನಮಗೇಕೆಂದು ಅದನ್ನು ತೆಗೆದು ಬದಿಗಿಟ್ಟಿದ್ದೆ.

ನನಗೆ ಕೊಂಡಿ ಕೂಡದಿದ್ದರೆ ಮೈಯೆಲ್ಲ ಕಿರಿಕಿರಿ. ಅಡುಗೆ ಮಾಡುತ್ತ ಒಲೆ ಬಿಟ್ಟು ಬಂದು ಕಾಗದ ನೋಡುತ್ತೇನೆ, ಟ್ರೇನಿನಲ್ಲಿ ಕೂತವಳು ಇಳಿಯುವ ಸ್ಟೇಷನ್ ದಾಟಿ ಹೋಗುತ್ತೇನೆ. ಜುಲೈ ತಿಂಗಳ ಚಳಿಯಲ್ಲಿ ಬ್ಲ್ಯಾಕ್‌ಟೌನ್ ಪ್ಲಾಟ್‌ಫಾರ್ಮಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಾಗಲೇ ಆಂಟಿಯ ಮಗಳ ಫೋನ್ ಬಂತು. ಅವಳ ತಾಳ್ಮೆ ಮುಗಿದಿತ್ತು.

“ಮೇಡಂ, ಸಾರಿ, ಒಂದು ಕೇಳ್ತೇನೆ. ನೀವು ಯಾಕೆ ಬರೀ ಅಜ್ಜನ ಡಾಕ್ಯುಮೆಂಟ್ಸ್ ಕೇಳ್ತಾ ಇದೀರಿ? ಅಮ್ಮನ ಅಪ್ಪ ನಮ್ಮ ಮನೆಯವರೇ ಅಲ್ಲ. ಅವರದ್ದು ಬೇರೆ ಮನೆ. ನಮ್ಮದು ಅಳಿಯಕಟ್ಟು ಅಲ್ವಾ?”

ಟ್ರೇನ್ ಬಂತು, ಹೋಯಿತು. ನಾನು ಹತ್ತಲಿಲ್ಲ. ನಾನು ಧಾರವಾಡದವಳು. ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ ಎಂದು ಮೇಲೆ ಹತ್ತುವುದೇ ವಂಶವೆಂದು ತಿಳಿದು ಬೆಳೆದವಳು. ತುಳುನಾಡಿನ ಎಷ್ಟೋ ಮನೆಗಳಲ್ಲಿ ಮನೆತನ ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತದೆ, ಮಕ್ಕಳು ತಾಯಿಯ ಮನೆಯವರಾಗುತ್ತಾರೆ, ಮನೆ ನೋಡಿಕೊಳ್ಳುವ ಯಜಮಾನ ತಂದೆಯಲ್ಲ, ತಾಯಿಯ ಒಡಹುಟ್ಟಿದವನು. ಇದನ್ನೆಲ್ಲ ನಾನು ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ನನ್ನ ನಮೂನೆಯ ಖಾನೆಗಳಲ್ಲಿ ಇರಲಿಲ್ಲ. ಆಂಟಿ ಬರೆದ ಯಜಮಾನರು ಅವರ ಸೋದರಮಾವ, ತಾಯಿಯ ತಮ್ಮ. ಎರಡು ತಿಂಗಳಿಂದ ನಾನು ಆಂಟಿಯ ಮಗಳಿಂದ ಸಂಬಂಧವೇ ಇಲ್ಲದ ಮನೆಯ ಕಾಗದ ತರಿಸುತ್ತಿದ್ದೆ.

ನಾಚಿಕೆಯಾಯಿತು. ಅದರ ಹಿಂದೆಯೇ ದಿಗಿಲು. ಸೋದರಮಾವನೆಂದರೆ ನಿಯಮದ ಪ್ರಕಾರ ನೇರ ಸಂತತಿಯಲ್ಲ. ಆಂಟಿಯ ಅರ್ಜಿ ತಿರಸ್ಕಾರವಾಗುತ್ತದೆ, ಮಾತು ಕೊಟ್ಟವಳು ನಾನು.

ಮರುದಿನ ಊಟದ ಬಿಡುವಿನಲ್ಲಿ ನಾರ್ತ್ ಸಿಡ್ನಿಗೆ ಹೋದೆ. ನಮ್ಮ ಶಾಖೆಯ ಅಧ್ಯಕ್ಷರ ಐಟಿ ಕನ್ಸಲ್ಟೆನ್ಸಿ ಇರುವುದು ಅಲ್ಲಿ. ಬೆಂಗಳೂರಿನಲ್ಲೇ ಬೆಳೆದವರು, ಮಾತಿನಲ್ಲಿ ಸಭ್ಯರು, ನಿಯಮದಲ್ಲಿ ನನಗಿಂತ ಕಟ್ಟುನಿಟ್ಟು. ಶಾಖೆಯ ಸಭೆಗಳು ಅವರ ಮನೆಯಲ್ಲೇ ನಡೆಯುತ್ತವೆ. ಬಾಗಿಲ ಬಳಿ ಒಂದು ದೊಡ್ಡ ತಾಮ್ರದ ಹಂಡೆ ಇದೆ, ಮಳೆ ಬಂದ ದಿನ ನಾವೆಲ್ಲ ಕೊಡೆಗಳನ್ನು ಅದರಲ್ಲಿ ಇಳಿಬಿಡುತ್ತೇವೆ. ಅದು ತಮ್ಮ ತಾತನ ಮನೆಯದು ಎಂದು ಹೊಸಬರಿಗೆ ಅವರು ಹೇಳದೆ ಬಿಡುವುದಿಲ್ಲ. ಅವರ ತಾತ ಕೂಡ ಉಡುಪಿ ಕಡೆಯ ಹೋರಾಟಗಾರರು. ಅವರ ಫೈಲು ನಾನು ಈ ಕೆಲಸಕ್ಕೆ ಬರುವ ಮೊದಲೇ ಮಂಜೂರಾಗಿ ಕಪಾಟು ಸೇರಿತ್ತು.

ಆಂಟಿಯ ಹೋರಾಟಗಾರರ ಹೆಸರು ನಾನು ಹೇಳುತ್ತಿದ್ದಂತೆ ಅವರು ಕಾಫಿ ಕಪ್ಪು ಕೆಳಗಿಟ್ಟರು. ಅದು ಅವರ ತಾತನ ಹೆಸರೇ ಆಗಿತ್ತು.

ತಾತನ ಅಕ್ಕನ ಮಗಳೊಬ್ಬರು ಇದ್ದಾರೆಂಬುದೇ ಅವರಿಗೆ ಗೊತ್ತಿರಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ. ಅಳಿಯಕಟ್ಟಿನಲ್ಲಿ ಗಂಡಸಿನ ಮಕ್ಕಳು ಅವರ ತಾಯಿಯ ಮನೆಗೆ ಸೇರಿದವರು. ಈ ಅಧ್ಯಕ್ಷರ ತಂದೆ ಅಮ್ಮನ ಮನೆಯಲ್ಲಿ ಬೆಳೆದು, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯ ಪದ್ಧತಿಗೆ ಒಗ್ಗಿ, ಹಳೆಯ ನಂಟು ಹಾಗೇ ಕರಗಿತ್ತು. ಈಗ ನಿಯಮದ ಪ್ರಕಾರ ತಾತನ ಮುಖ ಕಾಣದ ಮೊಮ್ಮಗ ವಂಶಸ್ಥ. ತಾತ ಎತ್ತಿ ಆಡಿಸಿದ ಸೋದರಸೊಸೆ ಹೊರಗಿನವಳು. ಒಂದು ವಿನಾಯಿತಿ ಕೇಳೋಣ, ಕೇಂದ್ರ ಸಮಿತಿಗೆ ನೀವೊಂದು ಮಾತು ಬರೆಯಿರಿ ಎಂದೆ.

ಅವರು ಒಪ್ಪಲಿಲ್ಲ. “ಮೇಡಂ, ಬೇರೆಯವರಾಗಿದ್ರೆ ಬರೀತಿದ್ದೆ. ಈಗ ನೋಡಿ, ಆಕೆ ನನ್ನ ರಿಲೇಟಿವ್ ಅಂತ ನೀವೇ ಹೇಳ್ತಾ ಇದೀರ. ಎಷ್ಟು ಜನಕ್ಕೆ ಇದೇ ರೂಲ್ ತೋರಿಸಿ ನೋ ಅಂದಿದೀವಿ? ನಮ್ಮ ಮನೆಯವರಿಗೆ ಮಾತ್ರ ಎಕ್ಸೆಪ್ಷನ್ ಅಂದ್ರೆ ನಾಳೆ ಮುಖ ಎತ್ತಿ ಓಡಾಡೋಕಾಗತ್ತಾ? ನೆಕ್ಸ್ಟ್ ಇಯರ್ ಅಮೆಂಡ್‌ಮೆಂಟ್ ತರೋಣ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಸಿಟ್ಟು ಬರಿಸಿದ್ದು. ಮುಂದಿನ ವರ್ಷ ಎಂದು ಹೇಳಬೇಡಿ ಎಂದು ಆ ಮುದುಕಿ ಮೊದಲೇ ಕೇಳಿಕೊಂಡಿದ್ದನ್ನು ಇವರಿಗೆ ಹೇಗೆ ಹೇಳಲಿ? ಸೇತುವೆ ದಾಟುವ ಟ್ರೇನಿನಲ್ಲಿ ಕೂರಲಾಗದೆ ನಿಂತೇ ಬಂದೆ.

ತಿರಸ್ಕಾರದ ಪತ್ರ ಬರೆಯಲು ಕೂತೆ. ನಾಲ್ಕು ಸಾಲಿನ ಪತ್ರ ಅದು, ಎಷ್ಟೋ ಸಲ ಬರೆದದ್ದು. ಈ ಸಲ ಮೊದಲ ಸಾಲು ದಾಟಲಿಲ್ಲ. ಗ್ರಂಥಾಲಯದಲ್ಲಿ ಒಬ್ಬ ಬಿಳಿಯ ಅಜ್ಜನಿಗೆ ಕೈದಿಯೊಬ್ಬನ ಹಡಗಿನ ಹೆಸರು ಹುಡುಕಿಕೊಡುತ್ತ ಮೂರು ಸಲ ತಪ್ಪು ಹಡಗು ಹೇಳಿದೆ. ಕೊನೆಗೆ, ಏನಾದರಾಗಲಿ, ಕಾಗದಗಳನ್ನೆಲ್ಲ ಮೊದಲಿನಿಂದ ಓದಿ ಮುಚ್ಚೋಣವೆಂದು ಅಧ್ಯಕ್ಷರ ಹಳೆಯ ಫೈಲನ್ನೂ ಆಂಟಿಯ ಕಟ್ಟನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿದೆ.

ಅಧ್ಯಕ್ಷರ ಫೈಲಿನಲ್ಲಿ ತಾತನ ಸೇವೆ ಎಂಬಲ್ಲಿ ಎರಡು ಸಂಗತಿಗಳಿದ್ದವು: ಜೈಲುವಾಸ, ಆಸ್ತಿ ಜಪ್ತಿ. ಜೈಲಿನ ದಾಖಲೆಯ ಪ್ರತಿಯಲ್ಲಿ, ದಂಡ ಕಟ್ಟಲು ನಿರಾಕರಿಸಿದ್ದರಿಂದ ಮನೆಯ ಪಾತ್ರೆಪಗಡ, ದನಕರು ಜಪ್ತಿ ಮಾಡಿ ವಸೂಲು ಮಾಡಲಾಯಿತು ಎಂದಿತ್ತು. ಗುಟ್ಟೇನೂ ಅಲ್ಲ, ಎಲ್ಲರೂ ಓದಿ ಒಪ್ಪಿದ ಮಾತು. ಪಕ್ಕದಲ್ಲಿ ನಾನು ಬದಿಗಿಟ್ಟಿದ್ದ ಪಾಲುಪಟ್ಟಿ. ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಬದಲಾಗಿ ಆ ಮನೆಯವರು ಪಾಲಾದಾಗ ಬರೆದದ್ದು. ಅದರಲ್ಲಿ ಜನರನ್ನು ಅಪ್ಪಂದಿರ ಹೆಸರಿನಿಂದಲ್ಲ, ತಾಯಂದಿರ ಹೆಸರಿನಿಂದ ಗುರುತಿಸಿದ್ದರು. ಮೊದಲ ಹೆಸರು ಆಂಟಿಯ ತಾಯಿಯದು, ಅವರ ಕೆಳಗೆ ಮಗಳೆಂದು ಆಂಟಿಯದು.

ಹೀಗಿರುವಾಗ ಜಪ್ತಿಯಾದದ್ದು ಯಾರ ಪಾತ್ರೆ? ತಮ್ಮ ಜೈಲಿನಲ್ಲಿದ್ದಾನೆ. ಮನೆ ಅವನದಲ್ಲ. ಅವನು ಮನೆಯನ್ನು ನೋಡಿಕೊಳ್ಳುವವನು, ಅಷ್ಟೆ. ಮನೆ, ಅದರೊಳಗಿನ ಹಂಡೆ, ಕೊಪ್ಪರಿಗೆ, ಹಟ್ಟಿಯಲ್ಲಿನ ದನ ಎಲ್ಲ ತಾಯಿಯಿಂದ ಮಗಳಿಗೆ ಇಳಿದು ಬಂದವು. ಪೊಲೀಸರು ಹೊತ್ತುಕೊಂಡು ಹೋದದ್ದು ಅಕ್ಕನ ಆಸ್ತಿ. ಹೋರಾಟದಲ್ಲಿ ಆಸ್ತಿ ಜಪ್ತಿಯಾದವರೂ ಹಿರಿಯರೇ ಎನ್ನುತ್ತದೆ ನಿಯಮ. ಅಂದರೆ ಆಂಟಿ ವಿನಾಯಿತಿ ಕೇಳುವ ಸೋದರಸೊಸೆಯಲ್ಲ. ಅವರು ಒಬ್ಬ ಹಿರಿಯಳ ಸ್ವಂತ ಮಗಳು. ನಾವು ತಪ್ಪು ಮನುಷ್ಯನನ್ನು ಕಾಗದದ ತಲೆಯ ಮೇಲೆ ಕೂರಿಸಿದ್ದೆವು.

ಸಂತೋಷಕ್ಕೆ ಎದ್ದು ಪುಸ್ತಕದ ಕಪಾಟುಗಳ ನಡುವೆ ಒಂದು ಸುತ್ತು ಹಾಕಿದೆ. ಸುತ್ತು ಮುಗಿಯುವಷ್ಟರಲ್ಲಿ ಸಂತೋಷ ಅರ್ಧ ಇಳಿದಿತ್ತು. ಆಂಟಿಗೆ ಬೇಕಿದ್ದದ್ದು ಸದಸ್ಯತ್ವವಲ್ಲ, ಮಾವನ ಹೆಸರು.

ಇದು ಫೋನಿನಲ್ಲಿ ಹೇಳುವ ಮಾತಲ್ಲವೆಂದು ಶನಿವಾರ ಮೆಲ್ಬರ್ನಿಗೆ ಹಾರಿದೆ. ಡಾಕ್‌ಲ್ಯಾಂಡ್ಸಿನಲ್ಲಿ ಟ್ರ್ಯಾಮ್ ಇಳಿದರೆ ನೀರಿನ ಕಡೆಯಿಂದ ಬರುವ ಗಾಳಿ ಫೈಲನ್ನೇ ಕಿತ್ತುಕೊಳ್ಳುವಂತಿತ್ತು. ಮೇಲಿನ ಮಹಡಿಯ ಫ್ಲ್ಯಾಟಿನಲ್ಲಿ ಮಗಳು ಬಾಗಿಲು ತೆರೆದಳು, ನನ್ನ ತಪ್ಪು ಕಾಗದಗಳ ವಿಷಯ ಎತ್ತದೆ ನೀರುದೋಸೆ ಬಡಿಸಿದಳು. ಆಂಟಿ ಗಾಜಿನ ಗೋಡೆಯ ಪಕ್ಕ ಹೀಟರಿಗೆ ಕಾಲು ಚಾಚಿ ಕೂತಿದ್ದರು. ನಾನು ವಿಷಯ ಹೇಳಿದೆ. ಹಿರಿಯರ ಹೆಸರಿದ್ದಲ್ಲಿ ಮಾವನನ್ನು ತೆಗೆದು ತಾಯಿಯನ್ನು ಬರೆಯಬೇಕು; ಹಾಗಾದರೆ ಈ ವರ್ಷವೇ ಆಗುತ್ತದೆ.

ಅವರ ಮುಖ ಗಂಟಾಯಿತು. “ಅಮ್ಮನದ್ದಾ? ಅಮ್ಮ ಎಂತ ಮಾಡಿದ್ದು? ಜೈಲಿಗೆ ಹೋಗಿದ್ದಾರಾ, ಪೆಟ್ಟು ತಿಂದಿದ್ದಾರಾ? ಮನೆ ಬಾಗಿಲಲ್ಲಿ ನಿಂತದ್ದು, ಅಷ್ಟೆ.”

ಆಮೇಲೆ, ನಾನು ಕೇಳದೆಯೇ, ಆ ದಿನದ ಬಗ್ಗೆ ಹೇಳಿದರು. ಅವರು ಆಗ ಸಣ್ಣ ಹುಡುಗಿ. ಪೊಲೀಸರ ಜೊತೆ ಊರಿನ ಪಟೇಲರೂ ಬಂದಿದ್ದರು. ಪಟೇಲರಿಗೆ ಈ ಮನೆಯ ಮೇಲೆ ಕನಿಕರ. ಅಂಗಳದಲ್ಲಿ ನಿಂತು ಅಮ್ಮನಿಗೆ ತಗ್ಗಿದ ದನಿಯಲ್ಲಿ ದಾರಿ ಹೇಳಿಕೊಟ್ಟರಂತೆ: ಇದು ಯಾವುದೂ ತಮ್ಮನದ್ದಲ್ಲ, ಅಳಿಯಕಟ್ಟಿನ ಪ್ರಕಾರ ನನ್ನದು ಎಂದು ಒಂದು ಮಾತು ಹೇಳಿ, ನಾನು ಬರೆದುಕೊಳ್ಳುತ್ತೇನೆ, ಇವರು ವಾಪಸ್ ಹೋಗುತ್ತಾರೆ. ಸುಳ್ಳೂ ಅಲ್ಲ, ಸತ್ಯವೇ. ಅಮ್ಮ ಬಾಗಿಲ ದಾರಂದ ಹಿಡಿದು ನಿಂತೇ ಇದ್ದರು. ಪಟೇಲರು ಮತ್ತೆ ಕೇಳಿದರು. ಅಮ್ಮ ಪಕ್ಕಕ್ಕೆ ಸರಿದು ಪೊಲೀಸರಿಗೆ ದಾರಿ ಬಿಟ್ಟರು. ಬಚ್ಚಲಿನ ಹಂಡೆಯನ್ನೂ ಬಿಡಲಿಲ್ಲ, ಒಳಗಿದ್ದ ಬಿಸಿನೀರು ಚೆಲ್ಲಿ ಹೊತ್ತುಕೊಂಡು ಹೋದರು.

“ಒಂದು ಮಾತು ಹೇಳಿದ್ರೆ ಉಳೀತಿತ್ತು,” ಅಂದರು ಆಂಟಿ. “ಮಾವನಾದ್ರೆ ಪೊಲೀಸರ ಹತ್ರ ಎದುರು ಮಾತಾಡ್ತಿದ್ರು. ಇವರಿಗೆ ಬಾಯಿಯೇ ಬರ್ಲಿಲ್ಲ. ಹೆದರಿದ್ದು. ಆ ಮಳೆಗಾಲ ಇಡೀ ನಾವು ಮಕ್ಕಳು ತಣ್ಣೀರಲ್ಲಿ ಮಿಂದದ್ದು. ಅವರ ಹೆಸರು ಹೇಳ್ಲಿಕ್ಕೆ ನಾನು ಎದ್ದು ನಿಲ್ಲುದಾ?”

ಕೆಳಗೆ ಹೋಗಿ ಬರುತ್ತೇನೆಂದು ಎದ್ದು, ನೀರಿನ ಪಕ್ಕದ ಕಟ್ಟೆಯುದ್ದಕ್ಕೂ ಆ ಗಾಳಿಯಲ್ಲಿ ನಡೆದೆ. ಸುಲಭದ ದಾರಿಗಳು ಇಲ್ಲದೇ ಇರಲಿಲ್ಲ. ಕಾಗದದಲ್ಲಿ ತಾಯಿಯ ಹೆಸರು ಬರೆದು, ನಿಂತಾಗ ಮಾವನ ಹೆಸರು ಹೇಳಿಕೊಳ್ಳಿ ಎನ್ನಬಹುದಿತ್ತು. ಯಾರು ಕೇಳುತ್ತಾರೆ? ಆದರೆ ಹಂಡೆ ಕಳೆದುಕೊಂಡವಳನ್ನು ಮೆಟ್ಟಿಲು ಮಾಡಿಕೊಂಡು ಹತ್ತುವುದು ನನಗೆ ಅಸಹ್ಯವೆನಿಸಿತು. ಆ ಹೆಂಗಸು ಹೆದರಿ ಸುಮ್ಮನಿದ್ದಳೆಂದು ನನಗೆ ನಂಬಿಕೆಯೂ ಬರಲಿಲ್ಲ. ಹೆದರಿದವರು ಹೇಳಿಕೊಟ್ಟ ಮಾತನ್ನು ಬೇಗ ಹೇಳಿಬಿಡುತ್ತಾರೆ. ಅರ್ಜಿ ಬಿದ್ದುಹೋದರೆ ಹೋಗಲಿ, ಇದನ್ನು ಅವರ ಮುಂದೆ ನೇರವಾಗಿ ಇಟ್ಟೇ ಬಿಡುವುದೆಂದು ನಿರ್ಧರಿಸಿ ಮತ್ತೆ ಲಿಫ್ಟ್ ಹತ್ತಿದೆ.

ಅವರೆದುರು ಕೂತು ನನ್ನ ಧಾರವಾಡದ ಮಾತಿನಲ್ಲೇ ಕೇಳಿದೆ: “ಆಂಟಿ, ಸಿಟ್ಟಾಗಬ್ಯಾಡ್ರಿ. ತಮ್ಮ ಜೈಲಿನಾಗ ಅದಾನ. ಊರ ಮಂದಿ ಮುಂದ, ಪೊಲೀಸರ ಮುಂದ ನಿಂತು ‘ಇದು ಅವಂದಲ್ಲ, ನಂದು’ ಅನ್ನೋದಂದ್ರ ಏನರ್ಥ? ಈ ಮನ್ಯಾಗ ಅವಂದೇನೂ ಇಲ್ಲ ಅಂದಂಗಲ್ಲೇನ್ರಿ? ನಿಮ್ಮ ಅವ್ವ ಯಾಕ ಹೇಳ್ಲಿಲ್ಲ ಅಂತ ನೀವು ಎಂದರ ಕೇಳೀರೇನು?”

ಆಂಟಿ ನನ್ನನ್ನು ನೋಡಲಿಲ್ಲ. “ಕೇಳ್ಲಿಲ್ಲ,” ಅಂದರು. “ನನಗೆ ಸಿಟ್ಟು ಇತ್ತಲ್ಲ.”

ಹಿರಿಯರ ಹೆಸರಿನ ಜಾಗ ಖಾಲಿ ಬಿಟ್ಟು ನಮೂನೆಯನ್ನು ಮೇಜಿನ ಮೇಲಿಟ್ಟೆ. ನೀವು ಒಪ್ಪದೆ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ ಎಂದು ಹೇಳಿ ಸಿಡ್ನಿಗೆ ಮರಳಿದೆ. ಆಮೇಲಿನ ದಿನಗಳು ಹೇಗೆ ಹೋದವೋ ದೇವರೇ ಬಲ್ಲ. ಫೋನು ಕೈಯಲ್ಲೇ. ಅದು ಸದ್ದು ಮಾಡಿದಾಗಲೆಲ್ಲ ಯಾರೋ ಮಾರ್ಟ್‌ಗೇಜ್ ರೇಟ್ ಕಡಿಮೆ ಮಾಡಿಸಿಕೊಡುವವರು. ಸಮಾರಂಭದ ಹಾಲ್ ಬುಕ್ ಆಯಿತು, ಊಟದ ಆರ್ಡರ್ ಹೋಯಿತು, ಸದಸ್ಯರಾಗುವವರ ಹೆಸರು ಕಳಿಸಿ ಎಂದು ಕೇಂದ್ರ ಸಮಿತಿ ಬೆನ್ನು ಹತ್ತಿತು. ಕಡೆಗೊಂದು ಬೆಳಿಗ್ಗೆ ಆಂಟಿಯ ಮಗಳು ನಮೂನೆಯ ಚಿತ್ರ ಕಳಿಸಿದಳು. ಖಾಲಿ ಜಾಗದಲ್ಲಿ ಆಂಟಿಯ ಕೈಬರಹದಲ್ಲಿ ತಾಯಿಯ ಹೆಸರಿತ್ತು.

ಇನ್ನು ಅಧ್ಯಕ್ಷರ ಸಹಿ ಆಗಬೇಕು. ಅದಕ್ಕೂ ಕಷ್ಟದ ಕೆಲಸ ಇನ್ನೊಂದಿತ್ತು. ಒಂದೇ ಜಪ್ತಿಯನ್ನು ಇಬ್ಬರ ಲೆಕ್ಕದಲ್ಲಿ ಬರೆಯುವಂತಿಲ್ಲ. ಅವರ ಫೈಲಿನಿಂದ ಅದನ್ನು ತೆಗೆಯಬೇಕು. ಅವರ ಮನೆಗೆ ಹೋಗಿ, ಜಡಿಮಳೆಯಲ್ಲಿ ನೆನೆದ ಕೊಡೆಯನ್ನು ಹಂಡೆಯಲ್ಲಿ ಬಿಟ್ಟು, ಒಳಗೆ ಕೂತು ಎರಡನ್ನೂ ಹೇಳಿದೆ. ಜೈಲುವಾಸ ಇದ್ದೇ ಇದೆ, ನಿಮ್ಮ ಸದಸ್ಯತ್ವಕ್ಕೆ ಏನೂ ಆಗುವುದಿಲ್ಲ ಎಂದು ಸಮಾಧಾನವನ್ನೂ ಸೇರಿಸಿದೆ. ಅವರು ಜೈಲಿನ ದಾಖಲೆ, ಪಾಲುಪಟ್ಟಿ ಎರಡನ್ನೂ ಓದಿದರು. ಬಾಗಿಲಿನ ಕತೆ ಹೇಳುವಾಗ ಬಚ್ಚಲಿನ ಹಂಡೆ ಎಂಬಲ್ಲಿಗೆ ನಾನು ಬಂದೆ, ಅವರು ಎದ್ದು ಹೊರಗೆ ಹೋದರು. ನಾನೂ ಹೋದೆ. ಅವರು ಹಂಡೆಯೊಳಗಿನ ಕೊಡೆಗಳನ್ನು ತೆಗೆದು ಗೋಡೆಗೆ ಒರಗಿಸುತ್ತಿದ್ದರು.

“ಇದು ಹರಾಜಲ್ಲಿ ಬಂದಿದ್ದು ಮೇಡಂ. ಊರಲ್ಲಿ ಯಾರೂ ಬಿಡ್ ಮಾಡ್ಲಿಲ್ವಂತೆ. ಹೊರಗಿನವರ ಪಾಲಾಗಬಾರದು ಅಂತ ನಮ್ಮ ಅಜ್ಜಿಯ ಅಣ್ಣ ತಗೊಂಡ್ರಂತೆ. ವಾಪಸ್ ಕೊಡಬೇಕು, ವಾಪಸ್ ಕೊಡಬೇಕು ಅಂತ ಅಪ್ಪ ಹೇಳ್ತಾನೇ ಇದ್ರು. ಯಾರಿಗೆ ಅಂತ ನಾನು ಕೇಳಿರಲಿಲ್ಲ.”

ನಿಂತಲ್ಲೇ, ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದರು. ಕೇಂದ್ರ ಸಮಿತಿ ಒಂದು ತಕರಾರು ತೆಗೆಯಿತು: ಜೈಲಿಗೆ ಹೋಗದ ಹೆಂಗಸನ್ನು ಹೋರಾಟಗಾರರೆಂದು ಒಪ್ಪುವುದು ಹೇಗೆ? ನಿಮ್ಮದೇ ನಿಯಮ ಓದಿ ಎಂದು ನಾನು ಬರೆದೆ. ಇನ್ನೂ ಸೌಜನ್ಯದಿಂದ ಬರೆಯಬಹುದಿತ್ತು. ಅಂತೂ ಸಮಾರಂಭಕ್ಕೆ ಮೊದಲು ಒಪ್ಪಿಗೆ ಬಂತು.

ಮೆಲ್ಬರ್ನಿನ ಒಂದು ಸಬರ್ಬಿನ ಬಾಡಿಗೆ ಹಾಲ್. ಹೊರಗೆ ಧ್ವಜವಂದನೆ ಮುಗಿಸಿ ಚಳಿಗೆ ಕೈ ಉಜ್ಜುತ್ತ ಎಲ್ಲರೂ ಒಳಗೆ ಬಂದೆವು. ಅಧ್ಯಕ್ಷರು ವಿಮಾನದಲ್ಲಿ ಬಂದಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಹಂಡೆಗೆ ಸೀಟ್‌ಬೆಲ್ಟ್ ಹಾಕಿಕೊಂಡು ಸಿಡ್ನಿಯಿಂದ ಓಡಿಸಿಕೊಂಡು ಬಂದಿದ್ದರು. ಅದನ್ನು ಇಬ್ಬರು ಹಿಡಿದು ತಂದು ಆಂಟಿಯ ಮುಂದಿಟ್ಟರು. ಅಧ್ಯಕ್ಷರು ಬಗ್ಗಿ ಅವರ ಕಾಲು ಮುಟ್ಟಿದರು. ಆಂಟಿ ಅವರ ಮುಖವನ್ನು ಹತ್ತಿರಕ್ಕೆ ಎಳೆದು ನೋಡಿದರು, ಮಾವನ ಮೂಗು ಎಂದರು. ಆಮೇಲೆ ಹಂಡೆಯ ಬಾಯಿ, ಕಂಠ, ಹೊಟ್ಟೆ ಎಲ್ಲ ಕೈಯಾಡಿಸಿದರು. ಹೆಸರು ಕೊರೆಸಿದ್ದರೂ ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಅಳಿಸಿಹೋಗಿತ್ತು.

“ಗೊತ್ತಾಗುದಿಲ್ಲ,” ಅಂದರು. “ನಮ್ಮದು ಇದಕ್ಕಿಂತ ದೊಡ್ಡದಿತ್ತು. ನಾನು ಸಣ್ಣವಳಿದ್ದೆ, ಹಾಗೆ ಕಂಡದ್ದೋ ಏನೋ.”

ಅಧ್ಯಕ್ಷರ ಮುಖ ಬಾಡಿತು. ನನಗೂ ಕಸಿವಿಸಿ. ಪರಿಶೀಲಿಸುವವಳಾಗಿ ಇದೇ ಆ ಹಂಡೆ ಎಂದು ನಾನು ಎಲ್ಲೂ ಬರೆಯಲಾರೆ. ಆಂಟಿ ಮಾತ್ರ ಅದನ್ನು ಕುರ್ಚಿಯ ಪಕ್ಕಕ್ಕೆ ಎಳೆಸಿಕೊಂಡು, ಅದರ ಕಂಠದ ಮೇಲೆ ಕೈಯಿಟ್ಟುಕೊಂಡೇ ಕೂತರು.

ಹೆಸರು ಕರೆಯುವ ಹೊತ್ತು ಬಂತು. ಈ ಸಲ ಅಧ್ಯಕ್ಷರೇ ಮೊದಲು ಎದ್ದು ತಮ್ಮ ತಾತನ ಹೆಸರು ಹೇಳಿದರು, ಜೈಲುವಾಸವೊಂದನ್ನೇ ಹೇಳಿ ನಿಲ್ಲಿಸಿದರು. ಆಂಟಿಯ ಸರದಿ ಬಂದಾಗ ಮಗಳು ತೋಳು ಹಿಡಿಯಲು ಹೋದಳು. ಅವರು ಬೇಡವೆಂದು ಹಂಡೆಯನ್ನೇ ಆಸರೆ ಮಾಡಿಕೊಂಡು ಎದ್ದರು. ತಾಯಿಯ ಹೆಸರು ಹೇಳಿದರು.

“ಜೈಲಿಗೆ ಹೋದದ್ದು ನನ್ನ ಮಾವ. ಅವರ ಹೆಸರು ಅವರ ಮೊಮ್ಮಗ ಹೇಳಿ ಆಯ್ತು. ಅದನ್ನು ಕೇಳಿದೆ, ಸಾಕು. ನನ್ನ ಅಮ್ಮ ಬಾಗಿಲಲ್ಲಿ ನಿಂತಿದ್ರು. ಇದು ತಮ್ಮನದ್ದಲ್ಲ ಅಂತ ಒಂದು ಮಾತು ಹೇಳಿದ್ರೆ ಎಲ್ಲ ಉಳೀತಿತ್ತು. ನಾನು ಎಷ್ಟೋ ಕಾಲ ಅವರ ಹತ್ರ ಸರಿ ಮಾತಾಡ್ಲಿಲ್ಲ. ಅವರು ಹೆದರಿದ್ದು ಅಂತ ಗ್ರಹಿಸಿದ್ದೆ.”

ಅಷ್ಟು ಹೇಳಿ ಕೂತುಬಿಟ್ಟರು. ನಾನು ಪುಸ್ತಕವನ್ನು ಅವರ ತೊಡೆಯ ಮೇಲೆ ತೆರೆದಿಟ್ಟು ಪೆನ್ನು ಕೊಟ್ಟೆ. ಹಿರಿಯರ ಹೆಸರು ಎಂಬಲ್ಲಿ ತಾಯಿಯ ಹೆಸರು ಬರೆದರು. ಪಕ್ಕದ ಖಾನೆ ಯಾವುದೆಂದು ಕೇಳಿದರು. ಅವರು ಮಾಡಿದ ಸೇವೆ ಎಂದೆ. ಆಸ್ತಿ ಜಪ್ತಿ ಎಂದು ಬರೆಯಿರಿ, ಸಾಕು ಎಂದೂ ಹೇಳಿಕೊಟ್ಟೆ. ಅವರು ಪೆನ್ನು ಹಿಡಿದರು. ಆಮೇಲೆ ಒಂದೊಂದೇ ಅಕ್ಷರ ತಿದ್ದುತ್ತ ಒಂದೇ ಒಂದು ಪದ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

‘ಹೇಳಲಿಲ್ಲ.’

ಆ ಖಾನೆಯಲ್ಲಿ ಹಾಗೆ ಬರೆಯುವ ಪದ್ಧತಿಯಿಲ್ಲ. ತಪ್ಪು ಕಂಡರೆ ಅಲ್ಲೇ ತಿದ್ದಿಸುವುದು ನನ್ನ ಕೆಲಸ. ಶಾಯಿ ಆರುವವರೆಗೆ ಪುಸ್ತಕವನ್ನು ತೆರೆದೇ ಹಿಡಿದುಕೊಂಡಿದ್ದು ಮುಂದಿನವರ ಹೆಸರು ಕರೆದೆ.